ಪಾಲಬಾವಿಯ ಕಬಡ್ಡಿ ಹುಡುಗಿಯರು ಮತ್ತು ಮದ್ದೂರಿನ ನಾನು

ಊಟಕ್ಕೆ ಕರೆದ ಮನೆಯಲ್ಲಿ ಒಲೆ ಆರಿತ್ತು. ಪಾತ್ರೆ ತೊಳೆದು ಬೋರಲು ಹಾಕಿದ್ದರು, ಅಡುಗೆಮನೆಯ ನೆಲ ಸಾರಿಸಿ ಒಣಗಿಯೂ ಆಗಿತ್ತು. ನಾನು ನಮ್ಮ ಮದ್ದೂರಿನ ಪದ್ಧತಿಯಂತೆ ದೀಪ ಹಚ್ಚುವ ಹೊತ್ತು ಕಳೆಯಲೆಂದು ಕಾದು, ಮುಖ ತೊಳೆದು, ಹೊಸ ಜಡೆ ಹಾಕಿಕೊಂಡು ಹೋಗಿ ನಿಂತಿದ್ದೆ. ಮನೆಯೊಡತಿ ಅಕ್ಕಾತಾಯಿ ನನ್ನನ್ನು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು.

“ಅಯ್ಯ ಯವ್ವಾ, ಈಗ ಬರ್ತಿಯೇನ? ಹೊತ್ತು ಮುಳಗೂದ್ರಾಗ ಬರಬೇಕಿಲ್ಲೋ! ನಾವು ಜೈನರವ್ವಾ. ಹೊತ್ತು ಮುಳಗಿದ ಮ್ಯಾಲೆ ಬಾಯಾಗ ತುತ್ತು ಹಾಕೂದಿಲ್ಲ.”

ಬಾಗಿಲ ಹಿಂದೆ ಅವರ ಮೊಮ್ಮಗಳು ಶೋಭಾ ಬಾಯಿಗೆ ಸೆರಗಿನಂತೆ ಲಂಗದ ಅಂಚು ಒತ್ತಿಕೊಂಡು ನಗುತ್ತಿದ್ದಳು. ನನಗೋ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅಕ್ಕಾತಾಯಿ ಗೋಡೆಯಾಚೆಗೆ ಕೂಗು ಹಾಕಿದರು. ಪಕ್ಕದ ಲಿಂಗಾಯತರ ಮನೆಯಿಂದ ಮಹಾದೇವಿ ಎಂಬ ಎತ್ತರದ ಹುಡುಗಿ ಒಂದು ಕೈಯಲ್ಲಿ ಬಿಸಿ ಜೋಳದ ರೊಟ್ಟಿಯ ಬುಟ್ಟಿ, ಇನ್ನೊಂದರಲ್ಲಿ ತುಂಬಿದ ತಾಮ್ರದ ಕೊಡ ಹಿಡಿದು, ಹೊಸ್ತಿಲು ದಾಟಿ ಬಂದಳು. ಆ ಕೊಡದಿಂದ ಒಂದು ಹನಿಯೂ ತುಳುಕಲಿಲ್ಲ. ನಾನು ಹಸಿವು ಮರೆತು ಅವಳ ಮಣಿಕಟ್ಟನ್ನೇ ನೋಡಿದೆ. ದೈಹಿಕ ಶಿಕ್ಷಣದ ಟೀಚರ್ ನಾನು, ನೋಡದೆ ಇರುವುದು ಹೇಗೆ?

ಅದು ಎಂಬತ್ತೇಳರ ಜೂನ್ ತಿಂಗಳು. ಮೀಟರ್ ಗೇಜ್ ರೈಲು ನನ್ನನ್ನು ರಾಯಬಾಗದಲ್ಲಿ ಒಂದು ಟ್ರಂಕಿನ ಜೊತೆ ಇಳಿಸಿ ಮಿರಜಿಗೆ ಹೊರಟುಹೋಗಿತ್ತು. ನೀವು ಮದ್ದೂರಿನವರು ಕೇಳಬಹುದು, ಅಲ್ಲಿ ಇರುವುದೂ ಕಬ್ಬು, ಇಲ್ಲಿ ಇರುವುದೂ ಕಬ್ಬು, ಪರದೇಶವೇನೇ ಅಂತ. ಪರದೇಶವೇ ಕಣ್ರಪ್ಪ! ನಮ್ಮಲ್ಲಿ ನಾಲೆ ನೀರು ತಾನಾಗಿ ಹರಿದು ಗದ್ದೆಗೆ ಬರುತ್ತದೆ, ಇಲ್ಲಿ ಬಾವಿಯ ತಳದಿಂದ ಎಬ್ಬಿಸಿ ತರಬೇಕು. ನಮ್ಮಲ್ಲಿ ಮುದ್ದೆ ಗಂಟಲಿಗೆ ಜಾರುತ್ತದೆ, ಇಲ್ಲಿ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತದೆ. ಅಂಗಡಿಯವನು ನನ್ನ ಮಾತು ಕೇಳಿ ಪಾಪ ಮರಾಠಿಯಲ್ಲಿ ಉತ್ತರ ಕೊಟ್ಟ. ಮೊದಲ ತಿಂಗಳು ದಿನಾ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಅಳು ನಿಂತದ್ದು ಕಬಡ್ಡಿಯಿಂದ. ಪಾಲಬಾವಿಯ ಹೈಸ್ಕೂಲಿನಲ್ಲಿ ಹುಡುಗರಿಗೆ ತಂಡವಿತ್ತು, ಹುಡುಗಿಯರಿಗೆ ಬರೀ ಡ್ರಿಲ್ಲು. ಅಂಥ ಹಿಡಿತದ ಮಹಾದೇವಿಯಿಂದ ಕೈ ಮೇಲೆ, ಕೈ ಕೆಳಗೆ ಮಾಡಿಸುವುದೆಂದರೆ ನನಗೆ ಮೈ ಉರಿಯಿತು. ಹೆಡ್ ಮಾಸ್ತರರ ಹತ್ತಿರ ಹೋಗಿ ಹುಡುಗಿಯರ ತಂಡ ಕಟ್ಟುತ್ತೇನೆ ಅಂದೆ. ಅವರು ಊರ ಹಿರಿಯರನ್ನು ಕರೆಸಿದರು. ಹಿರಿಯರಲ್ಲಿ ಒಬ್ಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಮರ್ಯಾದೆಯಿಂದಲೇ ಹೇಳಿದರು: “ಅಕ್ಕೋರ, ನೀವು ಹೊಸಬರು. ಹೆಣ್ಣುಹುಡುಗ್ಯಾರು ಒಬ್ಬರ ಮ್ಯಾಲೆ ಒಬ್ಬರು ಬಿದ್ದು ಆಡಾಕತ್ತಿದ್ರ, ನಾಳೆ ಅವರಿಗೆ ಹಿರ್ಯಾರು ಕಿರ್ಯಾರು ಅನ್ನೂದು ಉಳಿತೈತೇನ್ರಿ?”

ಇಲ್ಲಿ ಟೀಚರಮ್ಮನಿಗೆ ಅಕ್ಕೋರ ಎನ್ನುತ್ತಾರೆ. ಬೈಯುವಾಗಲೂ ‘ರಿ’ ಬಿಡುವುದಿಲ್ಲ, ಅದಕ್ಕೇ ತಿರುಗಿ ಬೈಯಲು ಆಗುವುದಿಲ್ಲ. ಅರ್ಧ ದಿನ ವಾದ ಮಾಡಿದ ಮೇಲೆ ಒಂದು ವರ್ಷದ ಒಪ್ಪಿಗೆ ಸಿಕ್ಕಿತು. ರಾಯಬಾಗದ ತಾಲೂಕು ಪಂದ್ಯ ಗೆದ್ದು, ಮುಂದಿನ ಸುತ್ತಿಗೆ ಚಿಕ್ಕೋಡಿಗೆ ಹೋದರೆ ತಂಡ ಉಳಿಯುತ್ತದೆ. ಇಲ್ಲದಿದ್ದರೆ ಮತ್ತೆ ಡ್ರಿಲ್ಲು. “ಆತು, ಚಿಕ್ಕೋಡಿ ತೋರಿಸ್ತೀನಿ” ಅಂದು ಎದ್ದು ಬಂದೆ. ಚಿಕ್ಕೋಡಿ ಯಾವ ದಿಕ್ಕಿಗಿದೆ ಅಂತಲೂ ನನಗೆ ಆಗ ಗೊತ್ತಿರಲಿಲ್ಲ.

ಹತ್ತು ಹುಡುಗಿಯರು ಬಂದರು. ಅಣ್ಣಂದಿರ ಹಳೇ ಪಾಯಿಜಾಮ ಕತ್ತರಿಸಿ, ಮೊಳಕಾಲ ಕೆಳಗೆ ಲಾಡಿ ಬಿಗಿದು, ಮೇಲೆ ಅಪ್ಪಂದಿರ ಅಂಗಿ. ಮಹಾದೇವಿಯ ಅಪ್ಪ ಒಂದು ತುಂಡು ಕರಿಮಣ್ಣಿನ ನೆಲ ಹದ ಮಾಡಿ, ಬಿದ್ದರೆ ಪೆಟ್ಟಾಗದಿರಲೆಂದು ಅದರ ಮೇಲೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಹರವಿಕೊಟ್ಟರು. ಬೂದಿಯಲ್ಲಿ ಗೆರೆ ಎಳೆದೆವು. ಮಹಾದೇವಿ ಹಿಡಿದರೆ ಬಿಡಿಸಿಕೊಂಡವರಿಲ್ಲ. ಎಮ್ಮೆ ಹಿಂಡಿ, ನೀರು ಸೇದಿ ಬಂದ ಹಿಡಿತ ಅದು, ನಾನು ಕಲಿಸಿದ್ದಲ್ಲ. ಶೋಭಾ ಸಣ್ಣ ದೇಹದ ಹುಡುಗಿ, ಆದರೆ ಎದುರಾಳಿಗಳ ಅಂಗಳಕ್ಕೆ ನುಗ್ಗಿದರೆ ಕಾಲಿನಿಂದಲೇ ಒಬ್ಬರನ್ನು ಮುಟ್ಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆಯ ಈಚೆ ಇರುತ್ತಿದ್ದಳು.

ಇರುತ್ತಿದ್ದಳು ಅಂದೆನಲ್ಲ, ಅದು ಆಮೇಲಿನ ಮಾತು. ಮೊದಮೊದಲು ಆಟ ಮುಂದೆ ಹೋಗುತ್ತಲೇ ಇರಲಿಲ್ಲ. ಒಬ್ಬಳ ಕಾಲು ಇನ್ನೊಬ್ಬಳಿಗೆ ತಗುಲಿತೋ, ಅಲ್ಲೇ ಉಸಿರು ಬಿಟ್ಟು, ಬಗ್ಗಿ, ಅವಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಕಾಲು ತಾಗಿದರೆ ನಮಸ್ಕಾರ ನಮ್ಮಲ್ಲೂ ಉಂಟು, ಆದರೆ ಕಬಡ್ಡಿಯಲ್ಲಿ ಯಾರಪ್ಪ ಮಾಡುತ್ತಾರೆ! ನಾನು ಸಾಕಷ್ಟು ನಕ್ಕೆ, ಆಮೇಲೆ ರೇಗಿದೆ. ಕೊನೆಗೆ ಒಂದು ಕಟ್ಟಳೆ ಮಾಡಿದೆವು. ಗೆರೆಯೊಳಗೆ ನಮಸ್ಕಾರ ಇಲ್ಲ. ಆಟ ಮುಗಿದ ಮೇಲೆ, ಯಾರಿಗೆ ಯಾರ ಕಾಲು ತಾಗಿತ್ತೋ ಎಲ್ಲ ಒಟ್ಟಿಗೆ. ದಿನಾ ಸಂಜೆ ಹತ್ತು ಹುಡುಗಿಯರು ಮೈ ತುಂಬ ಮಣ್ಣು ಬಳಿದುಕೊಂಡು ಒಬ್ಬರಿಗೊಬ್ಬರು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನೋಡಲು ದಾರಿಹೋಕರು ನಿಲ್ಲುತ್ತಿದ್ದರು.

ಮೊದಲ ಪಂದ್ಯ ಅಲಖನೂರಿನವರ ಜೊತೆ, ಸರಿಯಾಗಿ ಒದೆ ತಿಂದೆವು. ಹುಡುಗಿಯರಿಗೆ ಜನ ನೋಡಿಯೇ ಗಂಟಲು ಕಟ್ಟಿತ್ತು. ಎರಡನೆಯದು ಕೃಷ್ಣೆ ದಾಟಿ ಐಗಳಿಯಲ್ಲಿ, ಅಲ್ಲಿ ಗೆದ್ದೆವು. ಗೆಲುವಿಗಿಂತ ನನಗೆ ನೆನಪಿರುವುದು ವಾಪಸು ಬರುವ ದಾರಿ. ಬಸ್ಸು ಕೆಟ್ಟು ನಿಂತಿತು, ಹೊತ್ತು ಇಳಿಯುತ್ತಿತ್ತು. ಶೋಭಾ ಈಗ ತಿನ್ನದಿದ್ದರೆ ಬೆಳಗಿನ ತನಕ ಉಪವಾಸ. ಅವಳು ಸಂಕೋಚದಿಂದ ರಸ್ತೆ ಬದಿಗೆ ಹೋಗಿ ಬುತ್ತಿ ಬಿಚ್ಚಿದಳು. ನೋಡನೋಡುತ್ತ ಉಳಿದ ಒಂಬತ್ತು ಜನರೂ ಹೋಗಿ ಅವಳ ಸುತ್ತ ಕೂತರು. ಒಬ್ಬಳೂ ಹಸಿದಿರಲಿಲ್ಲ, ಐಗಳಿಯವರು ಒಣದ್ರಾಕ್ಷಿ, ಅವಲಕ್ಕಿ, ಚಹಾ ಅಂತ ಹೊಟ್ಟೆ ತುಂಬಿಸಿ ಕಳಿಸಿದ್ದರು. “ಅಕಿ ಒಬ್ಬಾಕಿ ಹೆಂಗ ತಿಂತಾಳ್ರಿ ಅಕ್ಕೋರ?” ಎಂದಳು ಮಹಾದೇವಿ. ಈ ಹುಡುಗಿಯರಿಗೆ ತಂಡ ಅಂದರೇನು ಅಂತ ನಾನು ಕಲಿಸಬೇಕಾಗಿರಲಿಲ್ಲ.

ಆಮೇಲೆ ನಮಗೆ ಸೋಲೇ ಇಲ್ಲ. ವಲಯ ಮಟ್ಟದಲ್ಲಿ ಮೂರು ಪಂದ್ಯ, ಮೂರೂ ನಮ್ಮವು. ಊರಿನ ಮುದುಕರು ಕಟ್ಟೆಯ ಮೇಲೆ ಕೂತು “ನಮ್ಮ ಕಾಲದಾಗ ಇದಕ್ಕ ಹುತುತು ಅಂತಿದ್ರು” ಎಂದು ಹಳೆಯ ಪಟ್ಟುಗಳನ್ನು ಹೇಳಿಕೊಡತೊಡಗಿದರು. ಅಕ್ಕಾತಾಯಿ ಮಾತ್ರ ಮೈದಾನದ ಕಡೆ ತಲೆ ಹಾಕಲಿಲ್ಲ. ಮೊಮ್ಮಗಳು ಆಡುವುದಕ್ಕೆ ಬೇಡ ಅಂದಿರಲಿಲ್ಲ, ಹೂಂ ಅಂತಲೂ ಅಂದಿರಲಿಲ್ಲ.

ರಾಯಬಾಗದ ಫೈನಲ್ ದಿನ ಟೋಪಿಯ ಹಿರಿಯರೂ ಬಸ್ಸು ಹತ್ತಿ ಬಂದಿದ್ದರು. ಕೊನೆಯ ನಿಮಿಷದವರೆಗೂ ಸಮ ಸಮ. ಕೊನೆಯ ಸಲ ನುಗ್ಗುವ ಸರದಿ ಶೋಭಾಳದು. ಒಂದು ಅಂಕ, ಒಂದೇ ಒಂದು, ಚಿಕ್ಕೋಡಿ ನಮ್ಮದು. ಎದುರಿನ ತಂಡದ ಹುಡುಗಿಯೊಬ್ಬಳು ಕಾಲು ಹಿಡಿಯಲು ನೆಲಕ್ಕೆ ಬಾಗಿದಳು. ಶೋಭಾ ಕಾಲು ಬೀಸಿದಳು, ಪಾದ ಆ ಹುಡುಗಿಯ ಹಣೆಗೆ ತಗುಲಿತು. ಮುಟ್ಟಿಯಾಯಿತು! ಗೆರೆ ಎರಡೇ ಹೆಜ್ಜೆ ದೂರ, ತಡೆಯುವವರಿಲ್ಲ. ನಾನು ಆಗಲೇ ಕುಣಿಯಲು ಶುರುಮಾಡಿದ್ದೆ.

ಶೋಭಾ ತಿರುಗಿದಳು. ಕಬಡ್ಡಿ ಕಬಡ್ಡಿ ನಿಂತಿತು. ಬಗ್ಗಿ ಆ ಹುಡುಗಿಯ ಭುಜ ಮುಟ್ಟಿ ಎರಡೂ ಕೈ ಕಣ್ಣಿಗೆ ಒತ್ತಿಕೊಂಡಳು. ಮರುಕ್ಷಣ ನಾಲ್ಕು ಜನ ಅವಳ ಮೇಲೆ ಬಿದ್ದರು, ಸೀಟಿ ಕೂಗಿತು, ಒಂದು ಅಂಕದಿಂದ ಸೋತೆವು.

ನಾನು ಮನುಷ್ಯರಂತೆ ಮಾತಾಡಲಿಲ್ಲ. ಎಲ್ಲರ ಮುಂದೆ ಅವಳ ರಟ್ಟೆ ಹಿಡಿದು ಅಲುಗಾಡಿಸಿ, ನನ್ನ ಮದ್ದೂರಿನ ಭಾಷೆಯಲ್ಲೇ ಕೂಗಾಡಿದೆ. “ಎಷ್ಟು ಸಲ ಬಡ್ಕೊಂಡಿದ್ದೆ ಕಣೇ, ಗೆರೆ ಒಳಗೆ ಬೇಡ ಅಂತ! ಆಟ ಮುಗಿದ ಮೇಲೆ ಮಾಡಿದ್ರೆ ನಿನ್ ಗಂಟೇನ್ ಹೋಗ್ತಿತ್ತು?”

ಶೋಭಾ ಅಳುತ್ತಲೇ ಉತ್ತರ ಕೊಟ್ಟಳು: “ತಲಿಗೆ ಕಾಲ ಹತ್ತಿತ್ರಿ ಅಕ್ಕೋರ. ನಮ್ಮ ಹುಡುಗಿ ಆಗಿದ್ರ ಆಮ್ಯಾಲೆ ಮಾಡ್ತಿದ್ನಿ. ಅಕಿ ಯಾವೂರಾಕಿನೋ ಏನೋ, ಲಗೂನ ಬಸ್ ಹತ್ತಿ ಹೋಗಿಬಿಟ್ರ ಎಲ್ಲಿ ಹುಡುಕಲಿ?”

ನನ್ನ ಕೈ ತಾನಾಗಿ ಸಡಿಲವಾಯಿತು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಆದರೆ ಸಿಟ್ಟೂ ಹೋಗಿರಲಿಲ್ಲ, ತಂಡವಂತೂ ಹೋಗಿತ್ತು. ವಾಪಸು ಬರುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದ ಟೋಪಿಯ ಹಿರಿಯರು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮೂರನೆಯ ದಿನ ಹೆಡ್ ಮಾಸ್ತರರ ಕೋಣೆಗೆ ಕರೆ ಬಂತು. ಹಿರಿಯರೆಲ್ಲ ಸೇರಿದ್ದರು. ನಾನು ನೆಟ್ಟಗೆ ನಿಂತು, “ಮಾತು ಕೊಟ್ಟಿದ್ದೆ, ಆಗಲಿಲ್ಲ. ನಾಳೆಯಿಂದ ಡ್ರಿಲ್ಲು” ಅಂದೆ. ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಅಕ್ಕಾತಾಯಿ! ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಹೆಂಗಸು ಸೆರಗು ಬಿಗಿಯಾಗಿ ಹೊದ್ದು ಒಳಗೆ ಬಂದರು.

“ಯಾಕ್ರೋ, ಆಟ ಆಡಿದ್ರ ಹುಡುಗ್ಯಾರ ಮರ್ಯಾದಿ ಕೆಡತೈತಿ ಅಂದಿದ್ದಿರಲ್ಲ? ಗೆಲ್ಲೂ ಹೊತ್ತಿನ್ಯಾಗೂ ಮಂದಿ ಮಗಳಿಗೆ ಕಾಲ ಹತ್ತಿತು ಅಂತ ಕೈ ಮುಗದು ಬಂದೈತಿ ನಮ್ಮ ಕೂಸು. ಇನ್ನೇನು ಬೇಕ ನಿಮಗ?”

ಟೋಪಿಯ ಹಿರಿಯರು ತೊಡೆಯ ಮೇಲಿದ್ದ ಟೋಪಿಯನ್ನು ತಿರುಗಿಸಿದರು, ಇನ್ನೊಂದು ಸಲ ತಿರುಗಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ನಾ ಖುದ್ದ ನೋಡೇನಿ, ಆಯೀ. ಅಲ್ಲೇ ನನಗ ನಗು ಬಂದಿತ್ತು, ಈ ಅಕ್ಕೋರ ಸಿಟ್ಟ ನೋಡಿ ತಡಕೊಂಡ್ನಿ. ಟೀಮ್ ಇರಲಿ. ಆದ್ರ ಒಂದ ಮಾತು, ಅಕ್ಕೋರ ಇರಬೇಕು. ನಮ್ಮ ಹುಡುಗ್ಯಾರನ್ನ ನಾವು ಇವರ ಮ್ಯಾಲೆ ಭರೋಸಾ ಇಟ್ಟು ಕಳಸ್ತೇವಿ.”

ದೀಪಾವಳಿ ಕಳೆದ ಮೇಲೆ ನನಗೆ ಮಂಡ್ಯ ಜಿಲ್ಲೆಗೆ ವರ್ಗದ ಆದೇಶ ಬಂತು. ಬಂದ ಹೊಸತರಲ್ಲಿ ಅಳುತ್ತ ಬರೆದ ಅರ್ಜಿಗೆ ಅದು ಉತ್ತರ. ನಾನು ಒಲ್ಲೆನೆಂದು ಬರೆದುಕೊಟ್ಟೆ. ನನ್ನ ಅಕ್ಕ ಊರಿಂದ ಕಾಗದ ಹಾಕಿದಳು, ‘ಅಲ್ಲೇನ್ ಮಡಗಿಕೊಂಡಿದ್ದೀಯೇ, ಬಂಗಾರವಾ?’ ಅಂತ. ನಾಲ್ಕು ಪುಟ ಉತ್ತರ ಬರೆದೆ. ಅವಳಿಗೆ ಅರ್ಥವಾಗಲಿಲ್ಲ, ನನಗೂ ಸರಿಯಾಗಿ ಹೇಳಲು ಬಂದಿರಲಿಲ್ಲ.

ಮರುವರ್ಷ ರಾಯಬಾಗ ಗೆದ್ದೆವು. ಚಿಕ್ಕೋಡಿ ಮೈದಾನದಲ್ಲಿ ಹುಡುಗಿಯರ ಹೆಸರು ಬರೆಸುತ್ತ ನಿಂತಿದ್ದಾಗ, ಮೇಜಿನ ಹಿಂದಿದ್ದ ಅಂಪೈರು ನನ್ನ ಮಾತು ಕೇಳಿ ಸಟ್ಟನೆ ತಲೆ ಎತ್ತಿದರು. ಮುಖವೆಲ್ಲ ಅರಳಿತ್ತು. “ಏನಮ್ಮಾ, ನೀವು ನಮ್ ಕಡೆಯೋರಲ್ವಾ? ನಂದು ಮಳವಳ್ಳಿ. ಇಲ್ಲಿಗೆ ಬಂದು ಆರು ವರ್ಷ ಆಯ್ತು, ನಮ್ ಮಾತು ಕೇಳಿ ಕಿವಿ ತಂಪಾಯ್ತು ನೋಡಿ. ನಿಮ್ದು ಯಾವೂರು?”

ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ ಅಡ್ಡ ಬಂದಳು. “ಇವರು ನಮ್ಮೂರವರ್ರಿ, ಪಾಲಬಾವಿ.” ಅವಳ ಹಿಂದೆ ಒಂಬತ್ತು ಹುಡುಗಿಯರೂ ನನ್ನನ್ನು ಯಾರೋ ಎತ್ತಿಕೊಂಡು ಹೋಗುತ್ತಾರೇನೋ ಅನ್ನುವಂತೆ ಒತ್ತಾಗಿ ನಿಂತರು. ಅಂಪೈರು ನನ್ನ ಮುಖ ನೋಡಿದರು. ಹುಡುಗಿಯರೂ ನೋಡಿದರು.

“ಹೌದ್ರಿ,” ಅಂದೆ, “ನಾ ಇವರೂರಾಕಿನ.”

“ಓ, ತಪ್ಪು ತಿಳ್ಕೊಂಡೆ ಕಣಮ್ಮ” ಎಂದು ಅವರು ತಲೆ ತಗ್ಗಿಸಿ ಮುಂದಿನ ಹೆಸರು ಬರೆದುಕೊಂಡರು.

ಆ ಪಂದ್ಯ ನಾವು ಗೆದ್ದೆವು. ಹುಡುಗಿಯರು ನನ್ನನ್ನು ಎತ್ತಿ ಕುಣಿದರು, ನಾನೂ ಕಿರುಚಿದೆ, ನಕ್ಕೆ. ಅವರ ಕೈಯಿಂದ ಇಳಿದವಳೇ ಆ ಮೇಜಿನ ಹತ್ತಿರ ಓಡಿದೆ, ಮದ್ದೂರು ಕಣಣ್ಣಾ, ನನ್ನದು ಮದ್ದೂರು ಅಂತ ಹೇಳಿಬಿಡಲು. ಮೇಜು ಖಾಲಿ ಇತ್ತು. ಮಳವಳ್ಳಿ ಸಾಹೇಬರು ಆಗಲೇ ನಿಪ್ಪಾಣಿ ಬಸ್ಸಿಗೆ ಹೋದರು ಎಂದು ಅಲ್ಲಿದ್ದವರು ಹೇಳಿದರು.