ದಮ್ ನೋಡುವ ಮಿಸ್ತ್ರಿ

ವೈಜಿನಾಥ ಮಿಸ್ತ್ರಿ ಗಾಡಿಯ ಬಾನೆಟ್ಟನ್ನು ಕೊನೆಗೆ ಎತ್ತುತ್ತಿದ್ದರು. ಮೊದಲು ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ ಕಣ್ಣು ಮುಚ್ಚುತ್ತಿದ್ದರು. ಆಗ ಗ್ಯಾರೇಜಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಹೊಗೆ ಅಂಗೈಗೆ ಬಡಿಯುವ ರೀತಿಯಲ್ಲೇ ಅವರಿಗೆ ಎಂಜಿನ್ನಿನ ಸ್ಥಿತಿ ತಿಳಿಯುತ್ತಿತ್ತು. ಎದ್ದು ಕೈ ಒರೆಸಿಕೊಂಡು, "ದಮ್ ಅದ" ಎಂದರೆ ಮಾಲೀಕ ರಿಪೇರಿಗೆ ಖರ್ಚು ಮಾಡುತ್ತಿದ್ದ. "ದಮ್ ಇಲ್ಲ" ಎಂದರೆ ಗಾಡಿ ಗುಜರಿಗೆ. ಹುಮನಾಬಾದಿನಲ್ಲಿ ಹಳೆಯ ಗಾಡಿ ಕೊಳ್ಳುವವರು ಈ ಮಾತು ಕೇಳದೆ ಮುಂದುವರಿಯುತ್ತಿರಲಿಲ್ಲ.

ಒಮ್ಮೆ ಚಿಟಗುಪ್ಪದ ಸಾಹುಕಾರರೊಬ್ಬರು ಹೊಸ ಬಣ್ಣ ಬಳಿಸಿದ ಟೆಂಪೋ ತಂದು, ಕೊಳ್ಳುವವನನ್ನೂ ಜತೆಗೆ ಕರೆತಂದಿದ್ದರು. ಮಿಸ್ತ್ರಿಯನ್ನು ಪಕ್ಕಕ್ಕೆ ಕರೆದು, "ಜರಾ ನೋಡಿ ಹೇಳ್ರಿ" ಎಂದು ಕಣ್ಣು ಹೊಡೆದರು. ಮಿಸ್ತ್ರಿ ನೋಡಿಯೇ ಹೇಳಿದರು, ಎಲ್ಲರಿಗೂ ಕೇಳುವ ಹಾಗೆ: "ಬಣ್ಣ ಮೊಮ್ಮಗಂದು, ಎಂಜಿನ್ ಅಜ್ಜಂದು. ದಮ್ ಇಲ್ರಿ." ಸಾಹುಕಾರರು ಆ ಕಡೆ ಮತ್ತೆ ಬರಲಿಲ್ಲ.

ಆಗ ನಾನು ಹುಮನಾಬಾದಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಸುದ್ದಿಯಿಲ್ಲದ ದಿನ ಅವರ ಬೆಂಚಿನ ಮೇಲೆ ಕೂರುವುದು ರೂಢಿ. ಕಾಶಪ್ಪನನ್ನು ಮೊದಲು ನೋಡಿದ್ದು ಅಲ್ಲೇ. ಬಸವಕಲ್ಯಾಣದ ಹತ್ತಿರದ ಮೋರಖಂಡಿಯವನು. ಆಡುಗಳನ್ನೂ ಆಡಿನ ಮಾಲೀಕರನ್ನೂ ಒಂದೇ ಜೀಪಿನಲ್ಲಿ ಹೇರಿಕೊಂಡು ಸಂತೆಗೆ ಬರುತ್ತಿದ್ದ. ಜೀಪಿನ ಮೀಟರು ನಿಂತು ಎಷ್ಟೋ ವರ್ಷವಾಗಿತ್ತು; ಜೀಪು ನಿಂತಿರಲಿಲ್ಲ. ಮಿಸ್ತ್ರಿಗೂ ಅವನಿಗೂ ಹರೆಯದಿಂದ ಸಲಿಗೆ.

ಒಂದು ಸಂತೆಯ ದಿನ ಅವನು ಬಂದವನೇ, "ವೈಜಣ್ಣ, ಏರು ಹತ್ತವಲ್ದು, ಹೊಗಿ ಬಾಳ ಬಿಡಾಕತ್ತದ. ಎಂಜಿನ್ ಬಿಚ್ಚಸ್ಲೊ, ಬಿಟ್ಟೇ ಬಿಡ್ಲೊ?" ಎಂದ.

"ಮೊದ್ಲ ಓಡ್ಸು, ನೋಡೂಣು. ಪೇಪರಿನವ್ರೆ, ನೀವೂ ಬರ್ರಿ. ಹಿಂದ ಆಡಿನ ಸಂಗಾಟ ಕೂಡ್ರಿ, ಸುದ್ದಿ ಸಿಗ್ತದ."

ಚಿಟಗುಪ್ಪದ ರಸ್ತೆಯಲ್ಲಿ, ಹಗಲು ಬೆಳಕಿನಲ್ಲೇ, ಮುಂದೆ ಹೆಂಗಸೊಬ್ಬಳು ತಲೆಯ ಮೇಲೆ ಮೇವಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದಳು. ಕಾಶಪ್ಪ ವೇಗ ಇಳಿಸಲಿಲ್ಲ. ಮಿಸ್ತ್ರಿ ಹ್ಯಾಂಡ್‌ಬ್ರೇಕ್ ಎಳೆದರು. ಆಡುಗಳು ನನ್ನ ಮೇಲೆ ಬಿದ್ದವು.

"ಕಣ್ಣು ಮನ್ಯಾಗ ಇಟ್ಟು ಬಂದೀಯೇನೊ ಮುದ್ಯಾ?" ಎಂದು ಹೆಂಗಸು ಕೂಗಿದಳು.

"ನೋಡಿದ್ದೆ, ವೈಜಣ್ಣ," ಎಂದ ಕಾಶಪ್ಪ ನಗುತ್ತ.

"ಏನ್ ನೋಡಿದ್ದಿ?"

"ಎಮ್ಮಿ."

ಮಿಸ್ತ್ರಿ ನಗಲಿಲ್ಲ. ಕಣ್ಣಿನ ಮಾತನ್ನು ಅಲ್ಲೇ ಎತ್ತಬಹುದಿತ್ತು, ಎತ್ತಲಿಲ್ಲ. ಗ್ಯಾರೇಜಿಗೆ ಬಂದು ಸೈಲೆನ್ಸರಿಗೆ ಅಂಗೈ ಒಡ್ಡಿದರು. ಆ ದಿನ ಕಣ್ಣು ಮುಚ್ಚಲಿಲ್ಲ, ಕಾಶಪ್ಪನನ್ನೇ ನೋಡುತ್ತಿದ್ದರು.

"ದಮ್ ಉಳದಿಲ್ಲ, ಕಾಶ್ಯಾ."

"ರಿಪೇರಿ ಮಾಡಿದ್ರ?"

"ರಿಪೇರಿಗಿ ಬರಂಗಿಲ್ಲ."

ಕಾಶಪ್ಪ ಬಾನೆಟ್ಟಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟು ನಿಂತು, "ನೀ ಹೇಳಿದ ಮ್ಯಾಲ ಮುಗೀತು" ಎಂದು ಹೋದ. ಮಿಸ್ತ್ರಿ ನನ್ನ ಕಡೆ ತಿರುಗಿದರು. "ಗಾಡಿಗಿ ದಮ್ ಇಲ್ಲ ಅಂತ ನಾ ಅಂದಿಲ್ಲ. ಬರೇ ದಮ್ ಉಳದಿಲ್ಲ ಅಂದೀನಿ, ನೀವ್ ಕೇಳೀರಲ್ಲ? ಹೊಸಾ ಪಿಸ್ಟನ್ ರಿಂಗ್ ಹಾಕಿದ್ರ ಇನ್ನೂ ಓಡ್ತದ ಅದು. ಯಾರರ ತೊಗೋತಾರ, ಓಡಸ್ತಾರ. ಇಂವ ಓಡಸೂದು ನಿಂತ್ರ ಸಾಕು." ಹೆಸರು ಬಿಟ್ಟರೆ ವಾಕ್ಯ ತಪ್ಪಾಗುವುದಿಲ್ಲ ಎಂಬ ಉಪಾಯ ನಮ್ಮ ವೃತ್ತಿಯಲ್ಲೂ ಇದೆ.

ಕೆಲವು ವಾರಗಳ ಮೇಲೆ ಕಾಶಪ್ಪ ಬಸ್ಸಿನಲ್ಲಿ ಬಂದ. ಕೊಳ್ಳಲು ಬಂದವರಿಗೆಲ್ಲ ಮಿಸ್ತ್ರಿಯ ಮಾತನ್ನು ತಾನೇ ತಿಳಿಸಿದ್ದನಂತೆ. ಕೇಳಿದವರು ಹಿಂದಕ್ಕೆ ಹೋದರಂತೆ. ಕಡೆಗೆ ಬಸವಕಲ್ಯಾಣದ ಗುಜರಿಯವರು ಕೊಂಡು, ಅವನ ಎದುರೇ ಕತ್ತರಿಸಿದ್ದರು. "ನಿನ್ನ ಮಾತ್ ಮುಚ್ಚಿಟ್ಟು ಮಾರಾಕ ನಾ ಏನ್ ಆ ಸಾವುಕಾರ ಏನು?" ಎಂದು ಹೆಮ್ಮೆಯಿಂದ ನಕ್ಕ. ಮಿಸ್ತ್ರಿ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾ ಕೆಳಗಿಟ್ಟರು. ಆಮೇಲೆ ಅವರು ಯಾವ ಗಾಡಿಯ ಹಿಂದೆಯೂ ಕೂತದ್ದನ್ನು ನಾನು ನೋಡಲಿಲ್ಲ. ಯಾರಾದರೂ ದಮ್ ಕೇಳಿದರೆ, "ಬ್ಯಾರೆ ಕಡಿ ತೋರಸ್ರಿ" ಎನ್ನುತ್ತಿದ್ದರು.

ಕೊನೆಗೊಂದು ದಿನ, "ಮೋರಖಂಡಿಗಿ ಬಿಟ್ಟು ಬರ್ತೀರೇನ್ರಿ?" ಎಂದು ನನ್ನ ಬೈಕು ಹತ್ತಿದರು. ಕಾಶಪ್ಪ ಅಂಗಳದಲ್ಲಿ ಆಡಿಗೆ ಸೊಪ್ಪು ಕಟ್ಟುತ್ತಿದ್ದ. ಚಹಾ ಬಂತು. ಮಿಸ್ತ್ರಿ ಕಪ್ಪು ಮುಟ್ಟದೆ ಹೇಳಿದರು: "ಕಾಶ್ಯಾ, ಗಾಡಿಗಿ ದಮ್ ಇತ್ತು. ನಿನ್ನ ಕಣ್ಣು ಹೋಗ್ಯಾವ. ಅದು ಹೇಳಾಕ ಬಾಯಿ ಬರಲಿಲ್ಲ."

ಕಾಶಪ್ಪ ಸೊಪ್ಪಿನ ಹಗ್ಗ ಬಿಗಿಯುತ್ತಲೇ ಇದ್ದ. ಮುಗಿಸಿ ಹೇಳಿದ: "ನನಗ ಹೇಳಾಕ ನಿನಗ ಬಾಯಿ ಬರಲಿಲ್ಲ. ಗಾಡಿ ಮ್ಯಾಲ ಸುಳ್ಳ್ ಹೇಳಾಕ ಹ್ಯಾಂಗ ಬಂತು, ವೈಜಣ್ಣ? ಓಡೂ ಗಾಡಿ ಅದು. ನಿಂತು ಕಡಿಸಿ ಬಂದೀನಿ ನಾ."

ಮಿಸ್ತ್ರಿ ಎದ್ದು ಬೈಕಿನ ಹತ್ತಿರ ಹೋದರು. ಆಮೇಲೆ ಕಾಶಪ್ಪ ಸಂತೆಗೆ ಬಂದರೂ ಗ್ಯಾರೇಜಿಗೆ ಬರಲಿಲ್ಲ. ಮಿಸ್ತ್ರಿ ಸಂತೆಯ ದಿನ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ನನಗೆ, "ಒಂದೂ ಸುಳ್ಳ್ ಹೇಳದ ಮಿಸ್ತ್ರಿ ಅಂತ ಬರೀರಿ" ಎಂದರು. ಕಾಶಪ್ಪನೂ ಬಂದು ದೂರ ನಿಂತಿದ್ದ. ನಾನು ಸುದ್ದಿ ಬರೆದೆ. ಆ ಸಾಲನ್ನು ಬಿಟ್ಟೆ. ಗೊತ್ತಿದ್ದೂ ತಪ್ಪು ಬರೆಯಲು ಮನಸ್ಸು ಬರಲಿಲ್ಲ.

ಮರುದಿನ ಕಾಶಪ್ಪನ ಫೋನು ಬಂತು. ಯಾರಿಂದಲೋ ಓದಿಸಿಕೊಂಡಿದ್ದ.

"ಎಲ್ಲಾರೂ ಹೇಳಿದ್ದ್ ಮಾತು ಇಲ್ಲಲ್ರಿ ಅದರಾಗ?"

"ಖರೆ ಏನಂತ ನಿಮಗೂ ಗೊತ್ತಲ್ಲ, ಕಾಕಾ" ಎಂದೆ.

"ನನಗ ಗೊತ್ತದ. ನನಗಽ ಹೇಳಿದ ಸುಳ್ಳ್ ಅದು. ಅದೊಂದಕ್ಕ ಇಡೀ ಮನಷ್ಯಾಗ ಗುಜರಿಗಿ ಹಾಕ್ತೀರೇನ್ರಿ?"

ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಬಿಟ್ಟ ಸಾಲಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ.