ಹೆಣ್ಣು ಕರುವಿನ ನಳಿಕೆ

ಜಟ್ಟಿಂಗಪ್ಪನ ಬಗ್ಗೆ ಬರೆಯಲು ಕುಳಿತರೆ ನನಗೆ ಸಿಟ್ಟು ಬರುತ್ತದೆ. ಬರಲಿ. ಹೊಸನಗರದ ಸುತ್ತಿನ ಹಳ್ಳಿಗಳಲ್ಲಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತ ಇಪ್ಪತ್ತೆಂಟು ವರ್ಷ ತಿರುಗಿದ ಮನುಷ್ಯ. ಬೈಕಿನ ಹಿಂದೆ ಮಂಜಿನಂಥ ಹೊಗೆಯಾಡುವ ಕ್ಯಾನು, ಅದರೊಳಗೆ ಹೋರಿಗಳ ವೀರ್ಯ ತುಂಬಿದ ಸಣ್ಣ ನಳಿಕೆಗಳು. ನಾನು ಅವನ ಪಕ್ಕದ ಮನೆಯವನು, ಹಾಲಿನ ಡೇರಿಯ ಕಾರ್ಯದರ್ಶಿ.

ಈಚೆಗೆ ಎಲ್ಲರೂ ಕೇಳುತ್ತಿದ್ದುದು ಹೆಣ್ಣು ಕರುವಿನ ನಳಿಕೆಯನ್ನೇ. ಅದೇನೆಂದು ಅವನು ಪ್ರತಿ ಕೊಟ್ಟಿಗೆಯಲ್ಲೂ ಬೇಸರವಿಲ್ಲದೆ ಹೇಳುತ್ತಿದ್ದ. ಹಸುವಿನ ಅಂಡಾಣುವಿನಲ್ಲಿರುವುದು ಎಕ್ಸ್ ವರ್ಣತಂತು ಮಾತ್ರ. ಹೋರಿಯ ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ಎಕ್ಸ್ ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ವೈ ಇರುವವನ್ನು ಯಂತ್ರದಲ್ಲಿ ಬೇರ್ಪಡಿಸಿ ತೆಗೆದುಹಾಕಿದ ನಳಿಕೆ ಇದು, ಹತ್ತರಲ್ಲಿ ಒಂಬತ್ತು ಹೆಣ್ಣೇ. ಊರವರಿಗೆಲ್ಲ ಇದು ಬಾಯಿಪಾಠ.

ಆಗ ಅವನ ಹಿರಿಮಗಳು ತನುಜಾ ತವರಿನಲ್ಲಿದ್ದಳು. ಎರಡನೆಯ ಹೆರಿಗೆ, ಎರಡನೆಯದೂ ಹೆಣ್ಣು. ಬಾಣಂತನ ಮುಗಿದ ಮೇಲೆ ಗಂಡನ ಕಡೆಯವರು ಬಂದು ತಾಯಿ ಮಗುವನ್ನು ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಆರು ತಿಂಗಳಾದರೂ ಒಬ್ಬರೂ ತಲೆ ಹಾಕಲಿಲ್ಲ. ಬರೀ ಹೆಣ್ಣು ಹೆರುವವಳನ್ನು ಕರೆತಂದು ಏನು ಮಾಡುವುದು, ಮಗನಿಗೆ ಬೇರೆ ಹೆಣ್ಣು ನೋಡುತ್ತೇನೆ ಎಂದು ಅವಳ ಮಾವ ಸೀತಾರಾಮಪ್ಪ ಆನಂದಪುರದಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಇಂಥವನ ಬಾಯಿಗೆ ಮಣ್ಣು ಬೀಳಬಾರದೇ ಎಂದು ನಾನು ಶಪಿಸಿದ್ದೇನೆ.

ಅಂಥವನೇ ಒಂದು ಬೆಳಿಗ್ಗೆ ಜಟ್ಟಿಂಗಪ್ಪನಿಗೆ ಫೋನು ಮಾಡಿದ. ಮಗಳು ಹೇಗಿದ್ದಾಳೆ ಎಂದು ಕೇಳಲಿಕ್ಕಲ್ಲ. ಹಸು ಬೆದೆಗೆ ಬಂದಿದೆ, ಬೇಗ ಬನ್ನಿ ಅಂತ! ಜಟ್ಟಿಂಗಪ್ಪ ಹೊರಟ. ಅವನೊಬ್ಬನನ್ನೇ ಕಳಿಸಲು ಹೆದರಿ ನಾನೂ ಬೈಕು ಹತ್ತಿದೆ.

ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಸೀತಾರಾಮಪ್ಪ ಶುರು ಮಾಡಿದ. "ಎಂಥ ನಳಿಕೆ ಹಾಕಿದ್ರಿ ಬೀಗ್ರೇ ಹೋದ್ಸಲ? ಗಂಡುಕರ ಹಾಕ್ತು. ನಿಮ್ಮ ನಳಿಕೆನೇ ಸರಿ ಇಲ್ಲ."

"ಹಸುನೇ ಸರಿ ಇಲ್ಲ ಅನ್ನಬೋದಲ್ಲ," ಎಂದ ಜಟ್ಟಿಂಗಪ್ಪ, ಕೈಗವಸು ಏರಿಸುತ್ತ.

"ಹಸು ಎಂತ ಮಾಡ್ತದೆ ಪಾಪ? ಹೋರಿ ಕೊಟ್ಟಿದ್ದನ್ನ ಹೊತ್ಕೊಂಡಿದೆ, ಅಷ್ಟೇ."

ಜಟ್ಟಿಂಗಪ್ಪನ ಮುಖ ಕೆಂಪಾಯಿತು. "ದನದ ಮೇಲಿರೋ ಈ ಕನಿಕರ ನನ್ನ ಮಗಳ ಮೇಲೆ ಯಾಕ್ರೀ ಇಲ್ಲ? ಎರಡು ಸಲನೂ ಎಕ್ಸ್ ಕೊಟ್ಟಿದ್ದು ನಿಮ್ಮ ಮಗ. ಮನೆ ಬಿಡಿಸೋದಿದ್ರೆ ಅವನನ್ನ ಬಿಡ್ಸಿ!"

ಸೀತಾರಾಮಪ್ಪ ಕಾಫಿ ತರುವಂತೆ ಒಳಗೆ ಕೂಗಿ ಹೇಳಿದ. ಅವನ ಮಗ ಯೋಗರಾಜ್ ಬಾಗಿಲಲ್ಲೇ ಇದ್ದ, ತುಟಿ ಬಿಚ್ಚಲಿಲ್ಲ. ಜಟ್ಟಿಂಗಪ್ಪ ಹಸುವಿನ ಕೆಲಸ ಮುಗಿಸಿ, ಕೈ ತೊಳೆದು, ಕೊಟ್ಟ ಕಾಫಿಯನ್ನು ಮುಟ್ಟದೆ ಹೊರಟ. ಹಿಂದೆಯೇ ಯೋಗರಾಜನ ಬೈಕೂ ಬಂತು, ಹೆಂಡತಿಯನ್ನು ಕರೆದೊಯ್ಯಲು.

ಮನೆಯಲ್ಲಿ ತನುಜಾ ಬ್ಯಾಗು ತುಂಬತೊಡಗಿದಳು. ಯೋಗರಾಜ್ ಮಗುವನ್ನು ಎತ್ತಿಕೊಂಡ. ಜಟ್ಟಿಂಗಪ್ಪ ಬೀಗರ ಬಾಯಿ ಮುಚ್ಚಿಸಿದ್ದನ್ನು ಹೆಂಡತಿ ಹೂವಮ್ಮನಿಗೆ ಕೈಕಾಲು ಬೀಸಿ ವರ್ಣಿಸಿದ. ಹೂವಮ್ಮ ಪೂರ್ತಿ ಕೇಳಿದಳು.

"ಇದನ್ನೆಲ್ಲ ಯಾವಾಗ ಕಲ್ತಿದ್ದು ನೀವು?"

"ಟ್ರೈನಿಂಗಲ್ಲಿ. ನಮ್ಮ ಮದುವೆಗೂ ಮುಂಚೆ."

"ಮೂರನೇದೂ ಹೆಣ್ಣಾಯ್ತು ಅಂತ ನಿಮ್ಮವ್ವ ನನಗೆ ಅನ್ನಬಾರದ್ದು ಅಂದ್ರಲ್ಲ. ಸಾಯೋವರೆಗೂ ಅಂದ್ರು. ನೀವು ಅಲ್ಲೇ ಕೂತು ಊಟ ಮಾಡ್ತಿದ್ರಿ. ಆಗ್ಲೂ ಗೊತ್ತಿತ್ತಾ?"

ಆ ಬೈಗುಳ ಬೇಲಿಯಾಚೆ ನನಗೂ ಕೇಳಿಸುತ್ತಿತ್ತು. ಊರೂರಿಗೆ ಪಾಠ ಹೇಳಿದವನು ತನ್ನ ತಾಯಿಗೆ ಒಂದು ಮಾತು ಹೇಳಲಿಲ್ಲ. ನನ್ನ ಸಿಟ್ಟು ಅದಕ್ಕೇ.

"ಗೊತ್ತಿತ್ತು," ಎಂದ ಜಟ್ಟಿಂಗಪ್ಪ. "ಅವ್ವನ ಎದುರು ಹೆಂಗೆ ಹೇಳೋದು ಅಂತ..."

ತನುಜಾ ಬ್ಯಾಗು ತುಂಬುವುದನ್ನು ನಿಲ್ಲಿಸಿ ಗಂಡನ ಕಡೆ ತಿರುಗಿದಳು. "ನೀವೂ ಸೈನ್ಸ್ ಓದಿದೋರು. ನಿಮಗೂ ಗೊತ್ತಿತ್ತು, ಅಲ್ವಾ?"

ಯೋಗರಾಜ್ ಹೌದೆಂದು ತಲೆಯಾಡಿಸಿದ.

ಅವಳು ಅವನ ತೋಳಿನಿಂದ ಮಗುವನ್ನು ಬಿಡಿಸಿಕೊಂಡಳು. "ಅದನ್ನ ನಿಮ್ಮಪ್ಪನ ಎದುರು ಬಾಯ್ಬಿಟ್ಟು ಹೇಳಿ. ಆಮೇಲೆ ನಮ್ಮನ್ನ ಕರೆಯೋಕೆ ಬನ್ನಿ."