ನೂಲಿನಷ್ಟು ನೆರಳು

ನಾನು ನಿಂತಿದ್ದು ಕುಷಾಯಿಗೂಡದಲ್ಲಿ, ಬಾಡಿಗೆ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನಿಂದ ಪೂರ್ವಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ. ಮೇ ಒಂಬತ್ತು, ಮಧ್ಯಾಹ್ನ ಹನ್ನೆರಡು ಗಂಟೆ ನಾಲ್ಕು ನಿಮಿಷ. ಕಾಲ ಬಳಿ ಜೋಳ ಅಳೆಯುವ ಹಿತ್ತಾಳೆಯ ಸೇರು ಇತ್ತು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು.

ಹೈದರಾಬಾದಿನಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆ ಒಂದು ನಿಮಿಷ ನೆಟ್ಟಗೆ ನಿಂತ ವಸ್ತುವಿಗೆ ನೆರಳಿರುವುದಿಲ್ಲ. ಆಗಸ್ಟಿನ ದಿನ ಸಾಮಾನ್ಯವಾಗಿ ಮೋಡದ ಪಾಲು. ನಮಗೆ ಸಿಕ್ಕಿದ್ದು ಮೇ ತಿಂಗಳದ್ದು. ನಾನು ನಿವೃತ್ತನಾದ ಮೇಲೆ ಏಳು ವರ್ಷ ಹೆಂಡತಿಯ ಜೊತೆ ನೋಡಿದೆ. ಎಂಟನೆಯದಕ್ಕೆ ಒಬ್ಬನೇ ಮೆಟ್ಟಿಲು ಹತ್ತಿದ್ದೆ.

ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನನ್ನ ಕೆಲಸವಿತ್ತು. ಒಬ್ಬನು ಓದಿದ ಅಳತೆ ಅಲ್ಲಿ ಅಳತೆಯಲ್ಲ. ಇನ್ನೊಬ್ಬ ತನ್ನ ಕಣ್ಣಿನಿಂದ ಓದಿ ಸಹಿ ಹಾಕಬೇಕು. ತಪ್ಪಾದರೆ ಅಳಿಸುವಂತಿಲ್ಲ; ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಅದೇ ಇಬ್ಬರೂ ಮತ್ತೆ ಸಹಿ ಮಾಡಬೇಕು. ಆ ಅಭ್ಯಾಸ ಮನೆಗೂ ಬಂತು. ಏಳು ಪುಟಗಳಲ್ಲಿ ನನ್ನ ಸಹಿಯ ಕೆಳಗೆ ಅವಳ ಸಹಿ ಇದೆ.

ಪ್ರತಿ ವರ್ಷ ಜಗಳವೂ ಇತ್ತು. ಸೇರಿನ ಉತ್ತರದ ಅಂಚಿನಲ್ಲಿ ನೂಲಿನಷ್ಟು ನೆರಳು ನನಗೆ ಕಾಣುತ್ತಿತ್ತು.

"ಎಲ್ಲಾ ಹೋತು ಅಂತ ಬರೀರಿ," ಅನ್ನುತ್ತಿದ್ದಳು.

"ನೂಲಿನಷ್ಟು ಐತಿ. ಇದ್ದದ್ದು ಬರೀಬೇಕು."

"ನಿಮ್ಮ ಕಣ್ಣಾಗಿನ ನೂಲದು. ಪೇಪರ್‌ನ್ಯಾಗ ಹೋಗ್ತದಂತ ಬರದಾರ, ಸೂರ್ಯಗಿಂತ ನೀವು ಶ್ಯಾಣ್ಯಾ ಏನ್ರಿ?" ಆಮೇಲೆ ಬಿಸಿಲಿನಲ್ಲಿ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡು, "ದೇವತೀಗೆ ನೆಳ್ಳ ಇರಂಗಿಲ್ಲಂತ. ಇವತ್ತ ನಾ ದೇವತಿ. ಕಾಲ್ ಬೀಳ್ರಿ," ಎನ್ನುತ್ತಿದ್ದಳು. ಹೀಗೆ ನಕ್ಕು, ನನ್ನ ನೂಲಿಗೇ ಸಹಿ ಹಾಕುತ್ತಿದ್ದಳು.

ಈ ವರ್ಷ ನನಗೆ ಆ ಎರಡನೆಯ ಸಹಿ ಯಾಕೆ ಬೇಕಾಗಿತ್ತು ಎಂದು ಹೇಳಬೇಕು. ಯುಗಾದಿಯ ನಂತರ ಒಮ್ಮೆ ಒಲೆ ಆರಿಸಿದ್ದೇನೆಂದು ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಗಚ್ಚಿಬೌಲಿಯಿಂದ ಬಂದಾಗ ಹಾಲಿನ ಪಾತ್ರೆ ಕರಕಲಾಗಿತ್ತು. ಅಲ್ಲಿಂದ ಅವಳು ಪ್ರತಿ ಮಾತಿಗೂ "ಖರೇನ ನೋಡೀರೇನಪ್ಪಾ?" ಎಂದು ಕೇಳತೊಡಗಿದಳು. ಪ್ರೀತಿಯಿಂದಲೇ ಕೇಳುತ್ತಾಳೆ. ಆ ವಾರ ಟಿವಿಯ ತುಂಬ ಯುದ್ಧದ ಮಾತು. ಎರಡು ದಿನ ಮೊದಲು ಸಂಜೆ ನಾಲ್ಕರ ಸುಮಾರಿಗೆ ಕಾರ್ಖಾನೆಗಳ ಕಡೆಯಿಂದ ಸೈರನ್ ಕೇಳಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಮಗಳಿಗೆ ಹೇಳಿದರೆ, "ಟಿವಿದಾಗಿಂದು ಕೇಳಿರಬೇಕಪ್ಪಾ," ಅಂದಳು. ಟಿವಿ ಆರಿಸಿದ್ದೆ ಎಂದು ನನಗೆ ನೆನಪು. ಒಲೆಯನ್ನೂ ಆರಿಸಿದ್ದೆ ಎಂದೇ ನನಗೆ ನೆನಪಿತ್ತು.

ಪಕ್ಕದಲ್ಲಿ ಹೊಸ ಮನೆ ಏಳುತ್ತಿದೆ. ಅದರ ಮೇಲ್ಛಾವಣಿಗೆ ಪೈಪಿನಿಂದ ನೀರು ಹಾಯಿಸುತ್ತಿದ್ದ ಹೆಂಗಸು ತೆಲುಗಿನಲ್ಲಿ ಏನೋ ಕೇಳಿದಳು. ನಾನು ತಡವರಿಸಿದ್ದು ಕನ್ನಡದಲ್ಲಿ. ಅವಳು ಪೈಪು ಕೆಳಗಿಟ್ಟಳು.

"ಅಯ್ಯ, ನಮ್ಮ ಕಡೇರೇನ್ ಅಜ್ಜಾರ? ಸೇರು ಬಿಸಲಾಗ ಇಟ್ಟು ಏನ್ ಕಾಯಾಕತ್ತೀರಿ? ಹಪ್ಪಳಾನೂ ಇಲ್ಲ, ಸಂಡಿಗೀನೂ ಇಲ್ಲ!"

ಹೇಳಿದೆ. ರಾಯಚೂರು ಕಡೆಯವಳು, ನಲವತ್ತರ ಆಸುಪಾಸು. ಎರಡು ಮನೆಗಳ ನಡುವಿನ ಸಂದು ಒಂದು ಹೆಜ್ಜೆಯಷ್ಟು. ದಾಟಿ ಬಂದು ಸೇರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಒಮ್ಮೆ ನೋಡಿ ನಕ್ಕುಬಿಟ್ಟಳು.

"ಮಾಳಗಿ ಮ್ಯಾಲ ಇಟ್ರ ಸೇರು ನೆಟ್ಟಗ ಹ್ಯಾಂಗ ನಿಂದರ್ತೈತ್ರಿ? ಮಳಿನೀರು ಹೋಗ್ಲಿ ಅಂತ ನಾವ ಇಳಿಜಾರ ಬಿಟ್ಟಿರ್ತೀವಿ. ನೋಡ್ರಿ, ಕಿಂಡಿ ಅಲ್ಲೈತಿ."

ಕಿಂಡಿ ಉತ್ತರದ ಮೂಲೆಯಲ್ಲಿತ್ತು. ಮೂವತ್ತು ವರ್ಷ ಕೂದಲೆಳೆಯ ವ್ಯತ್ಯಾಸ ಹುಡುಕಿದವನು ನಾನು. ಗಡಿಯಾರವನ್ನು ಸೆಕೆಂಡಿಗೆ ಹೊಂದಿಸಿಕೊಂಡು ಬರುತ್ತಿದ್ದೆ. ಕಾಲ ಕೆಳಗಿನ ನೆಲ ನೋಡಿರಲಿಲ್ಲ.

ಅವಳು ಆಚೆಯಿಂದ ಒಂದು ಹಿಡಿ ಹಸಿ ಮರಳು, ಒಡೆದ ಟೈಲ್ಸಿನ ತುಂಡು ತಂದಳು. ಮರಳು ತಟ್ಟಿ, ಮೇಲೆ ತುಂಡು ಕೂರಿಸಿ, ಬೆರಳಿನಿಂದ ನೀರು ಬಿಟ್ಟಳು. ನೀರು ಉತ್ತರಕ್ಕೆ ಜಾರಿತು. ಆ ಅಂಚಿಗೆ ಚೂರು ಮರಳು ತುರುಕಿ ಮತ್ತೆ ಬಿಟ್ಟಳು. ಈ ಸಲ ನೀರು ಬಿದ್ದಲ್ಲೇ ಗುಂಡಗೆ ನಿಂತಿತು.

"ಈಗಿಡ್ರಿ."

ಹನ್ನೆರಡು ಗಂಟೆ ಹತ್ತು ನಿಮಿಷ. ಪಶ್ಚಿಮಕ್ಕಿದ್ದ ತೆಳು ನೆರಳು ಒಳಗೆ ಸರಿಯಿತು. ಹನ್ನೆರಡು ಹನ್ನೆರಡಕ್ಕೆ ಸೇರಿನ ಸುತ್ತ ಏನೂ ಇರಲಿಲ್ಲ. ಉತ್ತರದಲ್ಲಿಯೂ ಇರಲಿಲ್ಲ. ಹಿತ್ತಾಳೆ, ಬಿಸಿಲು, ಅಷ್ಟೇ. ಅವಳು ಬಾಯಿಗೆ ಕೈಯಿಟ್ಟುಕೊಂಡು, ಎದ್ದು ನಿಂತು, ತನ್ನ ಕಾಲ ಸುತ್ತ ನೋಡಿಕೊಂಡಳು. ನಾನು ಆ ಕಡೆ ನೋಡಲಾರದೆ ಸೇರನ್ನೇ ನೋಡಿದೆ.

ಸಹಿ ಕೇಳಿದೆ. ಕೈ ಒರೆಸಿಕೊಂಡು, ನಿಧಾನವಾಗಿ, ಒತ್ತಿ ಬರೆದಳು.

"ಮೊನ್ನೆ ಸಂಜಿ ಸೈರನ್ ಕೇಳಿತ್ತೇನಮ್ಮ?"

"ಕೇಳ್ದ ಇರ್ತೈತೇನ್ರಿ! ಮ್ಯಾಲಿಂದ ಬುಟ್ಟಿ ಒಗದು ಇಳದೀನಿ. ಏನೋ ತಾಲೀಮಂತ್ರಿ. ಮೇಸ್ತ್ರಿ ಇನ್ನೂ ನಗಾಕತ್ತಾನ."

ಅವಳು ದಾಟಿ ಹೋದ ಮೇಲೂ ನಾನು ಅಲ್ಲೇ ಇದ್ದೆ. ನನ್ನ ಕಿವಿ ಸರಿಯಿತ್ತು. ಕಣ್ಣೂ ಸರಿಯಿತ್ತು: ಏಳು ವರ್ಷವೂ ನೂಲು ಇದ್ದದ್ದು ನಿಜ. ಆದರೆ ಅದು ಸೂರ್ಯನದಲ್ಲ, ತಾರಸಿಯದು. ನೆರಳು ಪೂರ್ತಿ ಹೋಗುತ್ತದೆ ಅಂದ ಹೆಂಡತಿಯ ಮಾತೇ ಸರಿ. ಹಳೆಯ ಪುಟಗಳನ್ನು ತೆರೆದು ಪೆನ್ನು ಹಿಡಿದೆ. ಗೆರೆ ಎಳೆದು ತಿದ್ದಬೇಕಾದರೆ ಅದೇ ಇಬ್ಬರ ಸಹಿ ಬೇಕು. ಪೆನ್ನು ಮುಚ್ಚಿದೆ. ಆ ಏಳು ತಪ್ಪು ಹಾಗೆಯೇ ಇವೆ.

ನೆರಳು ಪೂರ್ತಿ ಹೋಯಿತೆಂದು ಸಂಜೆ ಮಗಳಿಗೆ ಹೇಳಿದೆ. ಕೇಳಿಯೇ ಕೇಳಿದಳು, "ಖರೇನಪ್ಪಾ?"

"ಖರೇ. ಸಹಿ ಐತಿ, ಬಂದಾಗ ನೋಡು."

ಅದನ್ನೇ ಇಲ್ಲಿಯೂ ಬರೆದಿಡುತ್ತೇನೆ. ಮೊದಲ ಏಳು ವರ್ಷ ನೋಡಿದವರು ಇಬ್ಬರು, ಉಳಿದಿರುವವನು ನಾನು. ಎಂಟನೆಯ ವರ್ಷ ನೋಡಿದವರೂ ಇಬ್ಬರು. ಇನ್ನೊಬ್ಬಳು ಪಕ್ಕದ ಮನೆಗೆ ನೀರು ಹಾಯಿಸುತ್ತಿದ್ದ ರಾಯಚೂರು ಕಡೆಯ ಹೆಂಗಸು. ಆ ಕೆಲಸ ಮುಗಿದು ಈಗ ಪಟಾನ್‌ಚೆರು ಕಡೆ ಹೋಗಿದ್ದಾಳೆ ಎಂದು ಮೇಸ್ತ್ರಿ ಹೇಳಿದ. ಇದ್ದಾಳೆ.